ಕಂಬಳದ ಹವ್ಯಾಸಿ ಓಟಗಾರ: ಹದಿನಾಲ್ಕು ಸೆಕೆಂಡಿನ ಹಿಂದಿನ ವಾರ

ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಕಂಬಳದ ಋತು ಆರಂಭವಾಗುತ್ತದೆ. ನವೆಂಬರ್‌ನಿಂದ ಹೆಚ್ಚುಕಡಿಮೆ ಮಾರ್ಚ್ ಕೊನೆಯವರೆಗೆ ಶನಿವಾರ ಬಂತೆಂದರೆ ಒಂದಲ್ಲ ಒಂದು ಊರಿನಲ್ಲಿ ಕೋಣಗಳು ಕರೆಗೆ ಇಳಿಯುತ್ತವೆ. ಕೋಣಗಳ ಹೆಸರು ಜನರ ಬಾಯಲ್ಲಿರುತ್ತದೆ. ಅವುಗಳ ಯಜಮಾನರ ಮನೆತನದ ಹೆಸರು ಧ್ವನಿವರ್ಧಕದಲ್ಲಿ ಮೊಳಗುತ್ತದೆ. ಕೋಣಗಳ ಹಿಂದೆ ಕೆಸರು ಹಾರಿಸುತ್ತಾ ಓಡುವ ಮನುಷ್ಯನ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಮನುಷ್ಯ ಸೋಮವಾರ ಬೆಳಿಗ್ಗೆ ಏನು ಮಾಡುತ್ತಾನೆ ಎಂದು ಕೇಳುವವರು ಕಡಿಮೆ.

ಆತ ಕೆಲಸಕ್ಕೆ ಹೋಗುತ್ತಾನೆ. ಕಟ್ಟಡದ ಕೆಲಸ, ಕೃಷಿ ಕೂಲಿ, ಮೀನುಗಾರಿಕೆ, ಹೋಟೆಲು, ವಾಹನ ಚಾಲನೆ, ಹೀಗೆ ಯಾವುದೋ ಒಂದು ದುಡಿಮೆ ಆತನ ಮನೆಯನ್ನು ನಡೆಸುತ್ತದೆ. ಕಂಬಳ ಆತನ ಹವ್ಯಾಸ. ಹವ್ಯಾಸ ಎಂದೊಡನೆ ಬಿಡುವಿನ ವೇಳೆಯ ವಿನೋದ ಎಂಬ ಅರ್ಥ ನಮ್ಮ ಮನಸ್ಸಿಗೆ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಓಟಗಾರರ ಮಟ್ಟಿಗೆ ಈ ಅರ್ಥ ಎಷ್ಟು ಸರಿ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಉತ್ತರದ ಗದ್ದೆ, ದಕ್ಷಿಣದ ಕರೆ

ಈ ಮೂರು ತಾಲ್ಲೂಕುಗಳಲ್ಲಿ ಕಂಬಳಕ್ಕೆ ತನ್ನದೇ ಆದ ಹಳೆಯ ರೂಪವಿದೆ. ವಂಡಾರು, ಚೋರಾಡಿ, ತಗ್ಗರ್ಸೆ, ಬಾರ್ಕೂರು ಮೊದಲಾದ ಕಡೆಗಳಲ್ಲಿ ನಡೆಯುವುದು ಸಾಂಪ್ರದಾಯಿಕ ಕಂಬಳ. ಅದು ಒಂದು ಗದ್ದೆಯ, ಒಂದು ಮನೆತನದ, ಒಂದು ದೈವಸ್ಥಾನದ ಕಟ್ಟುಕಟ್ಟಳೆಗೆ ಸೇರಿದ ಆಚರಣೆ. ಅಲ್ಲಿ ಕೋಣಗಳನ್ನು ಗದ್ದೆಗೆ ಇಳಿಸುವುದೇ ಮುಖ್ಯ. ಯಾರು ಮೊದಲು, ಯಾರು ಎರಡನೆಯವರು ಎಂಬುದು ನಂತರದ ಮಾತು.

ಬ್ರಹ್ಮಾವರ ದಾಟಿ ದಕ್ಷಿಣಕ್ಕೆ ಹೋದಂತೆ ಕುಂದಗನ್ನಡದ ಜಾಗದಲ್ಲಿ ತುಳು ಕೇಳಿಸತೊಡಗುತ್ತದೆ. ಕಂಬಳದ ರೂಪವೂ ಬದಲಾಗುತ್ತದೆ. ಮೂಡುಬಿದಿರೆ, ಪುತ್ತೂರು, ಮಿಯ್ಯಾರು, ಐಕಳ, ಉಪ್ಪಿನಂಗಡಿ, ವೇಣೂರು, ಕಟಪಾಡಿ, ಕಾಸರಗೋಡು ಜಿಲ್ಲೆಯ ಪೈವಳಿಕೆ ಮುಂತಾದೆಡೆ ನಡೆಯುವುದು ಜೋಡುಕರೆ ಕಂಬಳ. ಅಕ್ಕಪಕ್ಕದಲ್ಲಿ ಎರಡು ಕರೆಗಳು. ಅವುಗಳಿಗೆ ಕೋಟಿ–ಚೆನ್ನಯ, ಲವ–ಕುಶ, ಸೂರ್ಯ–ಚಂದ್ರ ಎಂಬಂತಹ ಜೋಡಿ ಹೆಸರುಗಳು. ಓಟ ಆರಂಭವಾಗುವ ತುದಿ ಗಂತು. ಮುಗಿಯುವ ತುದಿ ಮಂಜೊಟ್ಟಿ. ಹಗಲು ಆರಂಭವಾದ ಸ್ಪರ್ಧೆ ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆದು ಭಾನುವಾರ ಮುಗಿಯುತ್ತದೆ.

ನಮ್ಮ ಉತ್ತರದ ಓಟಗಾರರ ಪ್ರಯಾಣ ಆರಂಭವಾಗುವುದು ಇಲ್ಲಿ. ಜೋಡುಕರೆ ಕಂಬಳಗಳ ಫಲಿತಾಂಶದ ಪಟ್ಟಿಯಲ್ಲಿ ಓಟಗಾರರ ಹೆಸರಿನ ಹಿಂದೆ ಊರಿನ ಹೆಸರು ಇರುತ್ತದೆ. ಅದರಲ್ಲಿಯೂ ಹಲಗೆ ವಿಭಾಗಗಳಲ್ಲಿ ‘ಹಲಗೆ ಮುಟ್ಟಿದವರು’ ಎಂಬ ಸಾಲಿನ ಮುಂದೆ ಬೈಂದೂರು, ತೆಕ್ಕಟ್ಟೆ, ಭಟ್ಕಳ ಎಂಬ ಊರುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಕೋಣಗಳು ತುಳುನಾಡಿನವು, ಯಜಮಾನರು ತುಳುನಾಡಿನವರು, ಹಲಗೆಯ ಮೇಲೆ ನಿಂತವರು ಕುಂದಗನ್ನಡದವರು ಎಂಬ ಸನ್ನಿವೇಶ ಅಲ್ಲಿ ಹೊಸದೇನಲ್ಲ.

ನಾಲ್ಕು ವಿಭಾಗ, ನಾಲ್ಕು ಬಗೆಯ ಕಷ್ಟ

ಕಂಬಳ ನೋಡದವರಿಗಾಗಿ ವಿಭಾಗಗಳನ್ನು ಸ್ವಲ್ಪ ವಿವರಿಸಬೇಕು. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡಬೇಕು. ನುರಿತ, ಅತಿ ವೇಗದ ಕೋಣಗಳು ಇರುವುದು ಇಲ್ಲಿ. ನೇಗಿಲಿನ ವಿಭಾಗದಲ್ಲಿ ನೇಗಿಲಿನಾಕಾರದ ಹಗುರವಾದ ಮರದ ಸಾಧನವನ್ನು ಹಿಡಿದಿರಬೇಕು. ಅಡ್ಡ ಹಲಗೆಯಲ್ಲಿ ಕೋಣಗಳು ಎಳೆಯುವ ಮರದ ಹಲಗೆಯ ಮೇಲೆ ನಿಂತು ಸಾಗಬೇಕು. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರಿನ ಎತ್ತರ ಮುಖ್ಯ. ಹಲಗೆಯಲ್ಲಿರುವ ರಂಧ್ರಗಳ ಮೂಲಕ ನೀರು ಮೇಲಕ್ಕೆ ಚಿಮ್ಮಿ, ಕರೆಗೆ ಅಡ್ಡವಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಯನ್ನು ತಾಗಬೇಕು.

ಈ ನೀರು ಚಿಮ್ಮುವುದರ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ಹಲಗೆ ಮುಂದಕ್ಕೆ ಧಾವಿಸುವಾಗ ಅದರ ಎದುರಿನ ನೀರು ರಂಧ್ರದ ಮೂಲಕ ಮೇಲಕ್ಕೆ ತಿರುಗುತ್ತದೆ. ಚಲನೆಯ ಶಕ್ತಿ ಎತ್ತರದ ಶಕ್ತಿಯಾಗಿ ಮಾರ್ಪಡುತ್ತದೆ. ಯಾವ ನಷ್ಟವೂ ಇಲ್ಲದಿದ್ದರೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ನೀರು ಸುಮಾರು 3.3 ಮೀಟರ್ ಏರುತ್ತದೆ. 9 ಮೀಟರ್ ವೇಗದಲ್ಲಿ 4.1 ಮೀಟರ್, 10 ಮೀಟರ್ ವೇಗದಲ್ಲಿ 5.1 ಮೀಟರ್. ವೇಗ ಹತ್ತನೆಯ ಒಂದು ಭಾಗ ಹೆಚ್ಚಿದರೆ ಎತ್ತರ ಐದನೆಯ ಒಂದು ಭಾಗ ಹೆಚ್ಚುತ್ತದೆ. ಇದು ಲೆಕ್ಕದ ಮಾತು. ಕರೆಯಲ್ಲಿ ಹಲಗೆ ಸ್ವಲ್ಪ ಓರೆಯಾದರೂ, ಮುಂಭಾಗ ಕೆಸರಿನಲ್ಲಿ ಹೂತರೂ, ನೀರು ಪಕ್ಕಕ್ಕೆ ಚದುರಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಲಗೆಯನ್ನು ಸರಿಯಾದ ಕೋನದಲ್ಲಿ ನಿಲ್ಲಿಸುವುದು ಆತನ ಕಾಲು. ಅರ್ಧ ಟನ್ನಿನ ಆಸುಪಾಸು ತೂಗುವ ಎರಡು ಪ್ರಾಣಿಗಳು ಎಳೆಯುತ್ತಿರುವಾಗ, ಕಣ್ಣಿಗೆ ಕೆಸರು ರಾಚುತ್ತಿರುವಾಗ, ಪಾದದ ಒತ್ತಡದಿಂದಲೇ ಆ ಕೋನವನ್ನು ಕಾಯ್ದುಕೊಳ್ಳಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಲವು ಋತುಗಳ ಅಭ್ಯಾಸದಿಂದ ಬರುವಂಥದ್ದು.

ಓಟದ ಕೊನೆಗೆ ಇನ್ನೊಂದು ಕಷ್ಟ ಕಾದಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದ ಜೋಡಿ ನಿಲ್ಲಬೇಕಲ್ಲ! ಅದಕ್ಕಾಗಿಯೇ ಮಂಜೊಟ್ಟಿಯಲ್ಲಿ ಕರೆ ಏರಾಗಿರುತ್ತದೆ. ಏರು ಕೋಣಗಳ ವೇಗವನ್ನು ತಗ್ಗಿಸುತ್ತದೆ. ಅಲ್ಲಿ ನಿಂತ ಜನ ಅವುಗಳನ್ನು ಹಿಡಿಯುತ್ತಾರೆ. ಓಟಗಾರ ಮುಗ್ಗರಿಸದೆ ಅದೇ ಏರನ್ನು ಹತ್ತಬೇಕು.

ಬೋಲ್ಟ್ ಹೋಲಿಕೆ ಎಲ್ಲಿ ಎಡವುತ್ತದೆ

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಇದನ್ನು 100 ಮೀಟರಿಗೆ ಭಾಗಿಸಿ 9.55 ಎಂಬ ಅಂಕಿಯನ್ನು ಹೊರತೆಗೆದರು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58 ಸೆಕೆಂಡು. ಸುದ್ದಿ ದೇಶವನ್ನು ದಾಟಿ ಹೋಯಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ ಅವರು 143 ಮೀಟರ್ ದೂರವನ್ನು 13.61 ಸೆಕೆಂಡುಗಳಲ್ಲಿ ಓಡಿ ಆ ಅಂಕಿಯನ್ನೂ ಹಿಂದಿಕ್ಕಿದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಶ್ರೀನಿವಾಸ ಗೌಡರನ್ನು ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಪರೀಕ್ಷಾ ಓಟಕ್ಕೆ ಆಹ್ವಾನಿಸಿದರು. ಕಟ್ಟಡ ಕಾರ್ಮಿಕರಾಗಿದ್ದ ಗೌಡರು ಆ ಪರೀಕ್ಷೆಗೆ ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಮುಂಗಾಲಿನ ಮೇಲೆ ಓಡಬೇಕು, ಕಂಬಳದ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರು ಕೊಟ್ಟ ವಿವರಣೆಯ ಸಾರಾಂಶ.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಗೌಡರು ಹೇಳಿದ್ದೇ ಸರಿ. ಮೊದಲನೆಯದಾಗಿ ಭಾಗಾಕಾರದ ಪ್ರಶ್ನೆ. ಯಾವುದೇ ಓಟದ ಮೊದಲ ಕೆಲವು ಹೆಜ್ಜೆಗಳು ನಿಧಾನ. ದೂರ ಹೆಚ್ಚಾದಷ್ಟೂ ಆ ನಿಧಾನದ ಪಾಲು ಸರಾಸರಿಯಲ್ಲಿ ಕರಗಿಹೋಗುತ್ತದೆ. ಬೋಲ್ಟ್ ಅವರೇ 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರ್ ದೂರವನ್ನು 14.35 ಸೆಕೆಂಡುಗಳಲ್ಲಿ ಓಡಿದ್ದರು. ಅದನ್ನು 100 ಮೀಟರಿಗೆ ಭಾಗಿಸಿದರೆ ಬರುವುದು 9.57. ಆದರೆ ಅದೇ ಓಟದ ಕೊನೆಯ 100 ಮೀಟರಿಗೆ ಅವರು ತೆಗೆದುಕೊಂಡದ್ದು 8.70 ಸೆಕೆಂಡು. ಒಂದೇ ಓಟದಿಂದ ಎರಡು ಬೇರೆ ಬೇರೆ ‘100 ಮೀಟರ್’ ಹುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡನೆಯದಾಗಿ ಎಳೆತದ ಪ್ರಶ್ನೆ. ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆಯನ್ನು ಮಾನ್ಯ ಮಾಡುವುದಿಲ್ಲ. ಇಲ್ಲಿ ಗಾಳಿಯ ಬದಲು ಎರಡು ಕೋಣಗಳಿವೆ. ತನ್ನಷ್ಟಕ್ಕೆ ಓಡಿದರೆ ಮುಟ್ಟಲಾಗದ ವೇಗಕ್ಕೆ ಅವು ಓಟಗಾರನನ್ನು ಎಳೆದೊಯ್ಯುತ್ತವೆ. ಆತ ದೇಹವನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿಯನ್ನು ಮುಂದೆ ಊರುತ್ತಾ, ಉದ್ದುದ್ದ ಹೆಜ್ಜೆ ಹಾಕುತ್ತಾನೆ. ಟ್ರ್ಯಾಕಿನ ಓಟಗಾರನ ಸವಾಲು ವೇಗವನ್ನು ಹುಟ್ಟಿಸುವುದು. ಕಂಬಳದ ಓಟಗಾರನ ಸವಾಲು ತನ್ನ ಶಕ್ತಿಗೆ ಮೀರಿದ ವೇಗದಲ್ಲಿ ಬೀಳದೆ ಉಳಿಯುವುದು, ಜೊತೆಗೆ ಕೋಣಗಳನ್ನು ನೇರವಾಗಿ ಓಡಿಸುವುದು.

ಮೂರನೆಯದು ಅಳತೆ. ನಮ್ಮ ವೃತ್ತಿಗೆ ಸಂಬಂಧಿಸಿದ್ದರಿಂದ ಇದನ್ನು ಹೇಳಬೇಕೆನಿಸುತ್ತದೆ. ನಮ್ಮ ದೇಶದ ದೂರದರ್ಶನ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರಗಳಿರುತ್ತವೆ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದ ಅಂತರ. ಐಕಳದ ಸರಾಸರಿ ವೇಗದಲ್ಲಿ ಅಷ್ಟು ಹೊತ್ತಿಗೆ ಕೋಣಗಳು ಸುಮಾರು 42 ಸೆಂಟಿಮೀಟರ್ ಮುಂದೆ ಹೋಗಿರುತ್ತವೆ. ಹಾಗಾಗಿ ಮೂಗಿನಷ್ಟು ಅಂತರದ ಗೆಲುವನ್ನು ಸಾಮಾನ್ಯ ಕ್ಯಾಮೆರಾ ತೀರ್ಮಾನಿಸಲಾರದು. ಲೇಸರ್ ಕಿರಣದ ಸಾಧನಗಳು ಕಂಬಳಕ್ಕೆ ಬಂದದ್ದು ಈ ಕಾರಣದಿಂದಲೇ. ಒಂದು ಕರೆಗೂ ಇನ್ನೊಂದಕ್ಕೂ ಉದ್ದ, ನೀರಿನ ಆಳ, ಕೆಸರಿನ ಗುಣ ಬೇರೆ ಬೇರೆ. ಆದ್ದರಿಂದ ಒಂದೇ ದಿನ, ಒಂದೇ ಕರೆಯಲ್ಲಿ ಓಡಿದವರ ನಡುವಿನ ಹೋಲಿಕೆಯೇ ಹೆಚ್ಚು ನ್ಯಾಯವಾದದ್ದು.

ಋತುವಿನ ಲೆಕ್ಕ

ಈಗ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಬೈಂದೂರು ಕಡೆಯ ಒಬ್ಬ ಓಟಗಾರ ಒಂದು ಋತುವಿನಲ್ಲಿ 15 ಕಂಬಳಗಳಿಗೆ ಹೋಗುತ್ತಾನೆ ಎನ್ನೋಣ. ಬೈಂದೂರಿನಿಂದ ಮಂಗಳೂರಿಗೇ ಸುಮಾರು 125 ಕಿಲೋಮೀಟರ್. ಪುತ್ತೂರು, ಉಪ್ಪಿನಂಗಡಿ ಇನ್ನೂ ದೂರ, ಕಟಪಾಡಿ ಹತ್ತಿರ. ಹೋಗಿಬರುವ ದಾರಿ ಸರಾಸರಿ 250 ಕಿಲೋಮೀಟರ್ ಎಂದು ಹಿಡಿದರೆ ಒಟ್ಟು 3,750 ಕಿಲೋಮೀಟರ್ ಪ್ರಯಾಣ. ಪ್ರತಿ ಕಂಬಳದಲ್ಲಿ ಮೊದಲ ಸುತ್ತಿನಿಂದ ಅಂತಿಮದವರೆಗೆ ಐದು ಬಾರಿ, ಬಾರಿಗೆ 14 ಸೆಕೆಂಡಿನಂತೆ ಓಡಿದ ಎಂದುಕೊಂಡರೆ ಇಡೀ ಋತುವಿನಲ್ಲಿ ಆತ ನಿಜವಾಗಿ ಓಡಿದ ಸಮಯ 1,050 ಸೆಕೆಂಡು. ಅಂದರೆ ಹದಿನೇಳೂವರೆ ನಿಮಿಷ!

ಈ ಹದಿನೇಳೂವರೆ ನಿಮಿಷಕ್ಕಾಗಿ 15 ರಾತ್ರಿಗಳ ನಿದ್ದೆ ಹೋಗುತ್ತದೆ. ಶನಿವಾರದ ದುಡಿಮೆ ತಪ್ಪುತ್ತದೆ. ಭಾನುವಾರ ಕಂಬಳ ತಡವಾಗಿ ಮುಗಿದರೆ ಸೋಮವಾರದ್ದೂ ಕೈಬಿಟ್ಟಂತೆಯೇ. ತಡವಾಗುವುದಕ್ಕೆ ಗಂತಿನಲ್ಲಿ ಕೋಣ ಬಿಡುವಾಗ ಆಗುವ ವಿಳಂಬವೂ ಒಂದು ದೊಡ್ಡ ಕಾರಣ. ಕಂಬಳವನ್ನು 24 ಗಂಟೆಗಳೊಳಗೆ ಮುಗಿಸಬೇಕೆಂಬ ಮಾತು ಸಂಘಟಕರ ನಡುವೆ ಆಗಾಗ ಕೇಳಿಬರುತ್ತದೆ. ಅದು ಪ್ರೇಕ್ಷಕರ ಅನುಕೂಲಕ್ಕೆ ಮಾತ್ರ ಎಂದು ತಿಳಿಯಬಾರದು. ದಿನಗೂಲಿಯ ಓಟಗಾರನಿಗೆ ಅದು ಒಂದು ದಿನದ ಸಂಬಳದ ಪ್ರಶ್ನೆ.

ಬಹುಮಾನ ಯಾರಿಗೆ? ಕಂಬಳದ ಬಹುಮಾನ ಈಗ ಸಾಮಾನ್ಯವಾಗಿ ಚಿನ್ನ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳದಲ್ಲಿಯೂ ಮೊದಲ ಸ್ಥಾನಕ್ಕೆ 16 ಗ್ರಾಂ, ಅಂದರೆ ಎರಡು ಪವನ್ ಚಿನ್ನವಿತ್ತು. ಈ ಬಹುಮಾನ ಸೇರುವುದು ಕೋಣಗಳ ಯಜಮಾನರಿಗೆ. ವರ್ಷವಿಡೀ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವ, ಎಣ್ಣೆ ತಿಕ್ಕುವ, ಆಳುಗಳನ್ನು ಇಟ್ಟು ಸಾಕುವ ಖರ್ಚು ಅವರದು. ಆ ಚಿನ್ನದಿಂದ ಖರ್ಚು ಹುಟ್ಟುವುದೂ ಕಷ್ಟ. ಓಟಗಾರನಿಗೆ ಯಜಮಾನರು ಸಂಭಾವನೆ ಕೊಡುತ್ತಾರೆ. ಅದು ಪರಸ್ಪರ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ. ಒಳ್ಳೆಯ ಯಜಮಾನರ ಮನೆಯಲ್ಲಿ ಓಟಗಾರ ಮನೆಮಗನಂತೆ ಇರುತ್ತಾನೆ. ಆದರೆ ಋತುವಿನ ನಡುವೆ ಮೊಣಕಾಲು ತಿರುಚಿಕೊಂಡರೆ ಮುಂದಿನ ಮೂರು ತಿಂಗಳ ಮನೆಖರ್ಚು ಯಾರದು ಎಂಬುದಕ್ಕೆ ನಂಬಿಕೆಯ ವ್ಯವಸ್ಥೆಯಲ್ಲಿ ಲಿಖಿತ ಉತ್ತರ ಇರುವುದಿಲ್ಲ.

ಕೆಸರು ಮತ್ತು ದೇಹ

ಮೊಣಕಾಲು, ಪಾದದ ಕೀಲು, ಹಿಮ್ಮಡಿ, ಭುಜ ಇವು ಕಂಬಳದ ಓಟಗಾರನಿಗೆ ಹೆಚ್ಚಾಗಿ ನೋವು ಕೊಡುವ ಭಾಗಗಳು. ಹಿಮ್ಮಡಿ ಊರಿ ಓಡುವುದರಿಂದ ನೆಲದ ಹೊಡೆತ ನೇರವಾಗಿ ಮೊಣಕಾಲಿಗೆ ಏರುತ್ತದೆ. ಹಗ್ಗದ ಎಳೆತ ಭುಜಕ್ಕೆ ಬೀಳುತ್ತದೆ. ಕೆಸರು ಮೆತ್ತಗಿದ್ದರೂ ಅದರ ಕೆಳಗಿನ ನೆಲ ಗಟ್ಟಿ. ಬಿದ್ದ ಮೇಲೆ ಹಗ್ಗ ಬಿಡದಿದ್ದರೆ ಎಳೆದುಕೊಂಡು ಹೋಗುವ ಅಪಾಯ ಬೇರೆ.

ಕಣ್ಣಿಗೆ ಕಾಣದ ಅಪಾಯವೂ ಒಂದಿದೆ. ಅದು ಇಲಿಜ್ವರ. ಉಡುಪಿ ಜಿಲ್ಲೆಗೆ ಈ ಕಾಯಿಲೆ ಹೊಸದಲ್ಲ. ಇಲಿ ಮತ್ತು ಜಾನುವಾರುಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ, ಚರ್ಮದ ಸಣ್ಣ ಗಾಯಗಳ ಮೂಲಕ ದೇಹವನ್ನು ಹೊಕ್ಕುತ್ತದೆ. ಜ್ವರ ಬರುವುದು ಸಾಮಾನ್ಯವಾಗಿ ಒಂದು ಎರಡು ವಾರಗಳ ನಂತರ. ತಲೆನೋವು, ಕಣ್ಣು ಕೆಂಪಾಗುವುದು, ಮೀನಖಂಡದಲ್ಲಿ ಬಲವಾದ ನೋವು ಇದರ ಲಕ್ಷಣಗಳು. ಓಟಗಾರನಿಗೆ ಇರುವ ತೊಡಕು ಇಲ್ಲಿಯೇ. ಮೀನಖಂಡದ ನೋವನ್ನು ಆತ ಓಡಿದ್ದರ ನೋವೆಂದೇ ತಿಳಿಯುತ್ತಾನೆ. ಜ್ವರವನ್ನು ನಿದ್ದೆಗೆಟ್ಟ ಜ್ವರವೆಂದು ಭಾವಿಸುತ್ತಾನೆ. ಅಷ್ಟರಲ್ಲಿ ಆತ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೆಲಸಕ್ಕೆ ಮರಳಿದ್ದರೆ, ಅಲ್ಲಿನ ವೈದ್ಯರಿಗೆ ಕೆಸರುಗದ್ದೆಯ ವಿಷಯ ತಿಳಿಯುವುದಾದರೂ ಹೇಗೆ? ಆದ್ದರಿಂದ ಜ್ವರ ಬಂದ ಓಟಗಾರ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ತಾನು ಇಂಥ ದಿನ ಕೆಸರು ನೀರಿನಲ್ಲಿ ಓಡಿದ್ದೇನೆ ಎಂಬುದು. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೈವಿಕ ಔಷಧಿಗಳಿಂದ ಈ ಕಾಯಿಲೆ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತುಗಳಿಗೆ ತಗಲಿ ಪ್ರಾಣಕ್ಕೂ ಎರವಾಗಬಹುದು. ಗಾಯವಿದ್ದರೆ ನೀರು ಹೋಗದಂತೆ ಮುಚ್ಚುವುದು, ಓಟ ಮುಗಿದೊಡನೆ ಸೋಪು ಹಚ್ಚಿ ಶುದ್ಧ ನೀರಿನಲ್ಲಿ ತೊಳೆಯುವುದು, ಧನುರ್ವಾಯುವಿನ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಳ್ಳುವುದು ಎಲ್ಲರ ಕೈಲಾಗುವ ಎಚ್ಚರಿಕೆಗಳು.

ಇನ್ನೊಂದು ಅಪಾಯ ಕರೆಯ ಹೊರಗೆ, ಹೆದ್ದಾರಿ 66ರಲ್ಲಿ ಇರುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟು ಓಡಿದವನು ಭಾನುವಾರದ ಬಿಸಿಲಿನಲ್ಲಿ ತಾನೇ ವಾಹನ ನಡೆಸಿಕೊಂಡು ಊರಿಗೆ ಮರಳುವುದು, ಕೋಣಗಳ ಹಿಂದೆ ಓಡುವುದಕ್ಕಿಂತ ಕಡಿಮೆ ಅಪಾಯದ್ದೇನಲ್ಲ. ಎರಡು ಗಂಟೆ ಮಲಗಿ ಹೊರಡುವುದು, ಸಾಧ್ಯವಾದರೆ ನಿದ್ದೆ ಮಾಡಿದ ಒಬ್ಬರ ಕೈಗೆ ವಾಹನ ಕೊಡುವುದು ಕ್ಷೇಮ.

ಹವ್ಯಾಸಿ ಎಂಬ ಮಾತು

ಕೆಸರು, ಮಣ್ಣು, ವೇಗಗಳಿರುವ ಇನ್ನೊಂದು ಕ್ರೀಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅದು ಮೋಟೋಕ್ರಾಸ್, ಅಂದರೆ ಮಣ್ಣಿನ ಏರಿಳಿತಗಳ ಮೇಲೆ ನಡೆಯುವ ಮೋಟಾರ್ ಸೈಕಲ್ ಪಂದ್ಯ. ಉಡುಪಿಯ ಕೆ.ಪಿ. ಅರವಿಂದ್ ಅವರು ಇಂಥ ಮಣ್ಣಿನ ಹಾದಿಗಳಲ್ಲಿ ಬೆಳೆದು, 2019ರಲ್ಲಿ ಪೆರು ದೇಶದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 37ನೆಯವರಾಗಿ ಪೂರ್ಣಗೊಳಿಸಿದರು. ಅದಕ್ಕೂ ಮೊದಲು, 2015ರಲ್ಲಿ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಆ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯರೆನಿಸಿದ್ದರು. ಮೋಟೋಕ್ರಾಸ್‌ನಲ್ಲಿಯೂ ಕೆಲಸ ಮಾಡುತ್ತಲೇ ವಾರಾಂತ್ಯಕ್ಕೆ ಸ್ಪರ್ಧಿಸುವ ಹವ್ಯಾಸಿಗಳು ಇದ್ದಾರೆ. ಆದರೆ ಅಲ್ಲಿ ಸ್ಪರ್ಧಿಗೆ ಒಕ್ಕೂಟದ ಪರವಾನಗಿ ಬೇಕು. ಹೆಲ್ಮೆಟ್ ಮತ್ತು ರಕ್ಷಾಕವಚಗಳಿಲ್ಲದೆ ಬೈಕ್ ಏರುವಂತಿಲ್ಲ. ಹವ್ಯಾಸಿಯಾದರೂ ಆತ ಯಾರು, ಆತನ ಹೊಣೆ ಏನು ಎಂಬುದು ಕಾಗದದ ಮೇಲಿರುತ್ತದೆ.

ಕಂಬಳದ ಓಟಗಾರರಿಗೂ ಕೆಲವು ಆಸರೆಗಳು ಒದಗಿವೆ. ಗುಣಪಾಲ ಕಡಂಬ ಅವರ ನೇತೃತ್ವದ ಕಂಬಳ ಅಕಾಡೆಮಿ 2011ರಿಂದ ಮಿಯ್ಯಾರಿನಲ್ಲಿ ಯುವಕರಿಗೆ ತರಬೇತಿ ಕೊಡಲಾರಂಭಿಸಿತು. ರಾಜ್ಯ ಸರ್ಕಾರದ ಕ್ರೀಡಾರತ್ನ ಪ್ರಶಸ್ತಿ ಕಂಬಳದ ಓಟಗಾರರಿಗೂ ಸಂದಿದೆ. ಕಾನೂನಿನ ಅನಿಶ್ಚಿತತೆಯೂ ದೂರವಾಗಿದೆ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕವಿದ ಅನುಮಾನ, 2016ರ ನವೆಂಬರ್‌ನ ಹೈಕೋರ್ಟ್ ತಡೆಯಾಜ್ಞೆಯಿಂದ ನಿಜವಾಯಿತು. 2017ರ ರಾಜ್ಯ ತಿದ್ದುಪಡಿಯಿಂದ ಕಂಬಳ ಮತ್ತೆ ಆರಂಭವಾಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಎಲ್ಲ ವರ್ಷಗಳ ಚರ್ಚೆಯಲ್ಲಿ ಕೋಣಗಳಿಗೆ ಹಿಂಸೆಯಾಗಬಾರದು ಎಂಬ ಮಾತು ನಿಯಮವಾಯಿತು. ಅದು ಆಗಬೇಕಾದದ್ದೇ. ಓಟಗಾರನ ಕ್ಷೇಮವೂ ಅದೇ ರೀತಿ ನಿಯಮದ ಮಾತಾಗಬೇಕಾದ ಕಾಲ ಈಗ ಬಂದಿದೆ.

ಹಾಗೆಂದು ಕಂಬಳವನ್ನು ಸಂಬಳದ ಕ್ರೀಡೆಯನ್ನಾಗಿ ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಕರೆಯ ಬಳಿ ಒಂದು ಆಂಬುಲೆನ್ಸ್, ಕೈಕಾಲು ತೊಳೆಯಲು ಶುದ್ಧ ನೀರು, ಸುತ್ತುಗಳ ನಡುವೆ ಮಲಗಲು ಒಂದು ಜಾಗ, ಋತುವಿನ ಆರಂಭದಲ್ಲಿ ಒಂದು ವಿಮಾ ಪತ್ರ, ಹೇಳಿದ ಹೊತ್ತಿಗೆ ಮುಗಿಯುವ ಸ್ಪರ್ಧೆ, ಇಷ್ಟು ಎಲ್ಲ ಕಂಬಳಗಳಲ್ಲಿಯೂ ತಪ್ಪದೆ ದೊರೆತರೆ ಸಾಕು. ಎರಡು ಪವನ್ ಚಿನ್ನ ಕೊಡಬಲ್ಲ ಸಮಿತಿಗಳಿಗೆ ಇದು ಭಾರವಾಗಲಾರದು.

ಬೋಲ್ಟ್ ಅವರಿಗಿಂತ ವೇಗದವರು ನಮ್ಮಲ್ಲಿದ್ದಾರೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸಂತೋಷವಿದೆ, ನಿಜ. ಆದರೆ ಕರೆಯಲ್ಲಿ ಓಡುವವನಿಗೆ ಆ ಹೋಲಿಕೆಯಿಂದ ಏನೂ ದಕ್ಕುವುದಿಲ್ಲ. ಆತನ ಓಟ ಬೇರೆಯೇ ಬಗೆಯದು. ಅದರ ಕಷ್ಟವೂ ಕುಶಲತೆಯೂ ಅದಕ್ಕೇ ಸೇರಿದ್ದು. ಮುಂದಿನ ಸಲ ತೆರೆಯ ಮೇಲೆ ಆ ಹದಿನಾಲ್ಕು ಸೆಕೆಂಡುಗಳನ್ನು ನೋಡುವಾಗ, ಅದರ ಹಿಂದೆ ಆರು ದಿನದ ದುಡಿಮೆ ಮತ್ತು ಒಂದು ರಾತ್ರಿಯ ಜಾಗರಣೆ ಇದೆ ಎಂಬುದನ್ನು ವೀಕ್ಷಕರು ನೆನಪಿಡುವುದು ಒಳ್ಳೆಯದು.